‘ನಾಳೆ ಬಾ’ ಬರೆದವರು ಯಾರು?

ಮಂತ್ರದ ಮಾತಿಗೆ ಹುಟ್ಟಿದೂರು ಹೇಳುವವರು ಬಹಳ ಮಂದಿ. ವೇದದಲ್ಲಿದೆ, ಪುರಾಣದಲ್ಲಿದೆ, ಅರಬ್ಬೀ ದೇಶದಿಂದ ಬಂತು ಎಂದು ಒಬ್ಬೊಬ್ಬರದು ಒಂದೊಂದು ಹೇಳಿಕೆ. ಬೆಂಗಳೂರಿನ ಹೊರಮಾವಿನಂಥ ಊರಿನಲ್ಲಿ ಕನ್ನಡ, ತೆಲುಗು, ತಮಿಳು, ದಖನಿ ಉರ್ದು ಒಂದೇ ಬೀದಿಯಲ್ಲಿ ಕೇಳಿಸುವಾಗ ಈ ಹೇಳಿಕೆಗಳೂ ಒಂದರೊಳಗೊಂದು ಬೆರೆತುಹೋಗಿವೆ. ಅವುಗಳಲ್ಲಿ ಕೆಲವನ್ನಾದರೂ ಬಿಡಿಸಿ ನೋಡಬೇಕು.

ತಪ್ಪು ಕಲ್ಪನೆ: ‘ನಾಳೆ ಬಾ’ ಹಿಂದಿ ಸಿನಿಮಾದಿಂದ ಬಂದದ್ದು. ಇಲ್ಲವೇ, ಅದು ತಲೆತಲಾಂತರದ ಮಂತ್ರ.

ವಾಸ್ತವ: ಎರಡೂ ಅಲ್ಲ. 2018ರಲ್ಲಿ ತೆರೆಕಂಡ ‘ಸ್ತ್ರೀ’ ಚಿತ್ರ ಮಧ್ಯಪ್ರದೇಶದ ಚಂದೇರಿಯಲ್ಲಿ ನಡೆಯುವ ಕಥೆ. ಅಲ್ಲಿನ ಗೋಡೆಗಳ ಮೇಲೆ ‘ಓ ಸ್ತ್ರೀ, ನಾಳೆ ಬಾ’ ಎಂದು ಹಿಂದಿಯಲ್ಲಿ ಬರೆದಿರುತ್ತದೆ. ಆದರೆ ಅದಕ್ಕೂ ಇಪ್ಪತ್ತಕ್ಕೂ ಹೆಚ್ಚು ವರ್ಷ ಮೊದಲೇ, 1990ರ ದಶಕದಲ್ಲಿ, ಬೆಂಗಳೂರಿನ ಅಂಚಿನ ಬಡಾವಣೆಗಳಲ್ಲೂ ಹಳ್ಳಿಗಳಲ್ಲೂ ಜನ ಬಾಗಿಲ ಮೇಲೆ ಈ ಎರಡು ಪದ ಬರೆದುಕೊಂಡು ಮಲಗುತ್ತಿದ್ದರು. ಅವರ ನಂಬಿಕೆಯಲ್ಲಿ, ರಾತ್ರಿ ಒಂದು ದೆವ್ವ ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕೂಗುತ್ತದೆ, ಬಾಗಿಲು ತೆಗೆದವರು ಸತ್ತರು ಎಂದೇ ಲೆಕ್ಕ. ಬಾಗಿಲ ಮೇಲಿನದನ್ನು ಓದಿದರೆ ಮರಳಿ ಹೋಗಿ ಮರುದಿನ ಬರುತ್ತದೆ, ಮತ್ತೆ ಅದನ್ನೇ ಓದುತ್ತದೆ. ಅದು ಗಂಡನನ್ನು ಹುಡುಕುವ ಮದುವಣಗಿತ್ತಿ ಎಂದು ಕೆಲವರು, ಮುದುಕಿ ಎಂದು ಕೆಲವರು. ಯಾವ ಊರಿನಲ್ಲಿ ಮೊದಲಾಯಿತು ಎಂಬುದಕ್ಕೂ ಹಲವು ಕಥೆಗಳಿವೆ, ಒಂದಕ್ಕೂ ಆಧಾರವಿಲ್ಲ.

ಪುರಾತನವಲ್ಲ ಎನ್ನಲು ನನಗೆ ಕಾಣುವ ದೊಡ್ಡ ಕಾರಣ ಇದು: ಹೊಸಿಲಿಗೆ ಯಂತ್ರ ಬರೆಸಲು ಮಂತ್ರವಾದಿ ಬೇಕು, ‘ನಾಳೆ ಬಾ’ ಬರೆಯಲು ಮೂರನೇ ಕ್ಲಾಸಿನ ಹುಡುಗಿ, ಒಂದು ತುಂಡು ಸೀಮೆಸುಣ್ಣ ಸಾಕು. ಮನೆಮನೆಯಲ್ಲೂ ಅಕ್ಷರ ಬಲ್ಲ ಒಂದು ಮಗು ಇದ್ದ ಕಾಲದಲ್ಲಿ ಮಾತ್ರ ಇಂಥ ರಕ್ಷೆ ಹೀಗೆ ಹಬ್ಬೀತು. ಅದರ ಒಳಗಿನ ಉಪಾಯವಂತೂ ಕಿರಾಣಿ ಅಂಗಡಿಯ ‘ಇಂದು ನಗದು, ನಾಳೆ ಉದ್ರಿ’ ಬೋರ್ಡಿನದೇ. ನಾಳೆ ಎಂಬುದು ಯಾವತ್ತೂ ನಾಳೆಯೇ. ಇನ್ನೊಂದನ್ನೂ ಗಮನಿಸಬೇಕು. ಮನೆ ಬಿಡುವಾಗ ‘ಹೋಗ್ತೀನಿ’ ಎನ್ನದೆ ‘ಹೋಗಿ ಬರ್ತೀನಿ’ ಎನ್ನುವ ಜನ ದೆವ್ವಕ್ಕೂ ‘ತೊಲಗು’ ಎನ್ನಲಿಲ್ಲ. ಇದನ್ನು ಕಟ್ಟಿದವರು ಯಾವ ಋಷಿಯೂ ಅಲ್ಲ, ಹೆದರಿದ ಸಾಮಾನ್ಯರು. ಅವರ ಜಾಣ್ಮೆಯನ್ನು ಹಳೆಯ ಗ್ರಂಥಕ್ಕೋ ಹೊಸ ಸಿನಿಮಾಕ್ಕೋ ಬರೆದುಕೊಡುವುದು ಅನ್ಯಾಯ.

ತಪ್ಪು ಕಲ್ಪನೆ: ಗುಡುಗಿದಾಗ ಅರ್ಜುನನ ಹತ್ತು ಹೆಸರು ಹೇಳಿದರೆ ಸಿಡಿಲು ಬಡಿಯುವುದಿಲ್ಲ ಎಂದು ಮಹಾಭಾರತದಲ್ಲೇ ಇದೆ.

ವಾಸ್ತವ: ಹತ್ತು ಹೆಸರು ಮಹಾಭಾರತದಲ್ಲಿ ಇರುವುದು ನಿಜ, ವಿರಾಟಪರ್ವದಲ್ಲಿ. ಆದರೆ ಅಲ್ಲಿ ಯಾರೂ ಸಿಡಿಲಿಗೆ ಅಂಜಿದ್ದಲ್ಲ. ಕೌರವರ ಸೇನೆ ಕಂಡು ರಥ ಬಿಟ್ಟು ಓಡಿದ ಉತ್ತರಕುಮಾರನನ್ನು ಅವನ ಸಾರಥಿ ಬೃಹನ್ನಳೆ ಹಿಡಿದು ತರುತ್ತಾಳೆ. ಬನ್ನಿಮರದ ಬಳಿ ‘ನಾನೇ ಅರ್ಜುನ’ ಎಂದಾಗ ಹುಡುಗನಿಗೆ ನಂಬಿಕೆ ಬಾರದು. ಹಾಗಾದರೆ ಅರ್ಜುನನ ಹತ್ತು ಹೆಸರು ಹೇಳು, ಒಂದೊಂದೂ ಏಕೆ ಬಂತೆಂದು ಹೇಳು ಎನ್ನುತ್ತಾನೆ. ಹೆಸರುಗಳು ಅಲ್ಲಿ ಗುರುತಿನ ಪುರಾವೆ. ಬಾಯಿಪಾಠದಲ್ಲಿ ಬರುವಷ್ಟರಲ್ಲಿ ಮೂಲದ ‘ಜಿಷ್ಣು’ ಬಿದ್ದುಹೋಗಿ ಆ ಜಾಗದಲ್ಲಿ ‘ಪಾರ್ಥ’ ಸೇರಿಕೊಂಡಿದ್ದಾನೆ.

ಹಾಗಾದರೆ ಗುಡುಗು ಎಲ್ಲಿಂದ ಬಂತು? ಅರ್ಜುನ ಇಂದ್ರನ ಮಗ, ವಜ್ರಾಯುಧ ಇಂದ್ರನದು, ಮಗನ ಹೆಸರು ಕೇಳಿದರೆ ಅಪ್ಪ ಸುಮ್ಮನಾಗುತ್ತಾನೆ ಎಂಬುದು ಹಿರಿಯರು ಕೊಡುವ ಕಾರಣ. ನನಗಂತೂ ಇನ್ನೊಂದು ಎಳೆಯೂ ಕಾಣುತ್ತದೆ. ಆ ಹೆಸರುಗಳನ್ನು ಮೊದಲು ಕೇಳಿಸಿಕೊಂಡವನೇ ಹೆದರಿ ನಡುಗುತ್ತಿದ್ದ ಒಬ್ಬ ಹುಡುಗ. ಏಪ್ರಿಲ್-ಮೇ ತಿಂಗಳ ಸಂಜೆ ಪಕ್ಕದ ಕಲ್ಕೆರೆ ಕಡೆಯಿಂದ ಮೋಡ ಕವಿದು ಗುಡುಗಿದಾಗ ಅಜ್ಜಿ ಮೊಮ್ಮಗನನ್ನು ತಬ್ಬಿಕೊಂಡು ಅದನ್ನೇ ಹೇಳಿದರೆ ಮಾತು ತಾನು ಸೇರಬೇಕಾದ ಕಿವಿಯನ್ನೇ ಸೇರಿದೆ. ಸಿಡಿಲಿನಿಂದ ಕಾಯುವುದು ಮಾತ್ರ ಮನೆಯ ಸೂರು. ಬಯಲಿನಲ್ಲಿ, ಮರದಡಿಯಲ್ಲಿ ನಿಂತು ಹತ್ತು ಹೆಸರು ಹೇಳಿ ಪ್ರಯೋಜನವಿಲ್ಲ.

ತಪ್ಪು ಕಲ್ಪನೆ: ‘ಛೂ ಮಂತರ್’ ಜಾದೂಗಾರರು ಕಟ್ಟಿದ ಅರ್ಥವಿಲ್ಲದ ಸದ್ದು.

ವಾಸ್ತವ: ‘ಛೂ’ ಎಂಬುದು ಉಸಿರು. ಮಂತ್ರ ಹೇಳಿ ಬಾಯಿಂದ ಊದುವ ಸದ್ದನ್ನೇ ಹಿಂದಿ-ಉರ್ದುವಿನಲ್ಲಿ ಹಾಗೆನ್ನುತ್ತಾರೆ. ಮಗುವಿಗೆ ಹುಷಾರಿಲ್ಲದಾಗ ದರ್ಗಾಕ್ಕೆ ಹೋಗಿ ‘ಊದಿಸಿಕೊಂಡು’ ಬರುವವರಲ್ಲಿ, ನೀರು ಮಂತ್ರಿಸಿ ತರುವವರಲ್ಲಿ ಎಲ್ಲ ಮತದವರೂ ಇದ್ದಾರೆ.

ತಪ್ಪು ಕಲ್ಪನೆ: ‘ಅಬ್ರಕಡಬ್ರ’ ಬಾಯಲ್ಲಿ ಹೇಳುವ ಮಂತ್ರ, ‘ಬಾಗಿಲು ತೆರೆಯೇ ಸೇಸಮ್ಮ’ ಅರಬ್ಬರ ಪ್ರಾಚೀನ ಮಂತ್ರ.

ವಾಸ್ತವ: ಅಬ್ರಕಡಬ್ರ ಮೊದಲು ಸಿಗುವುದು ರೋಮ್‌ನ ಸೆರೆನಸ್ ಸಮ್ಮೋನಿಕಸ್ ಲ್ಯಾಟಿನ್‌ನಲ್ಲಿ ಬರೆದ ವೈದ್ಯ ಪದ್ಯಗ್ರಂಥದಲ್ಲಿ, ಜ್ವರಕ್ಕೆ ಮದ್ದಾಗಿ. ಸಾಲಿಗೊಂದು ಅಕ್ಷರ ಕಡಿಮೆ ಮಾಡುತ್ತ ಬರೆದು ಕೊರಳಿಗೆ ಕಟ್ಟಬೇಕು, ಅಕ್ಷರ ಕರಗಿದಂತೆ ಜ್ವರವೂ ಕರಗುತ್ತದೆ ಎಂಬ ನಂಬಿಕೆ. ನಮ್ಮ ‘ನಾಳೆ ಬಾ’ದಂತೆ ಅದೂ ಬರೆದುಕೊಳ್ಳುವ ರಕ್ಷೆ. ಹೀಬ್ರೂ ಎಂದೋ ಅರಮಾಯಿಕ್ ಎಂದೋ ಅದಕ್ಕೆ ಹೇಳುವ ಮೂಲಗಳೆಲ್ಲ ಊಹೆಯೇ. ಇನ್ನು ಸೇಸಮ್ಮನ ಮಂತ್ರ ಬರುವ ಅಲಿಬಾಬಾನ ಕಥೆಯನ್ನು ಫ್ರೆಂಚ್ ಅನುವಾದಕ ಆಂಟ್ವಾನ್ ಗಲಾಂ 1709ರಲ್ಲಿ ಪ್ಯಾರಿಸ್‌ನಲ್ಲಿ ಕೇಳಿದ್ದು ಅಲೆಪ್ಪೊ ಊರಿನ ಹನ್ನಾ ದಿಯಾಬ್ ಎಂಬ ಯುವಕನ ಬಾಯಿಂದ. ಅದಕ್ಕೂ ಹಿಂದಿನ ಅರಬ್ಬೀ ಹಸ್ತಪ್ರತಿ ದೊರೆತಿಲ್ಲ. ಕಥೆಯಲ್ಲಿದ್ದದ್ದು ‘ಸೆಸಮಿ’, ಅಂದರೆ ಎಳ್ಳು, ಕನ್ನಡಕ್ಕೆ ಬಂದಾಗ ಸೇಸಮ್ಮ ಎಂಬ ಹೆಂಗಸಾಗಿ ಬಾಗಿಲು ತೆರೆದಳು.

ತಪ್ಪು ಕಲ್ಪನೆ: ಗರುಡ ಮಂತ್ರ ಬಲ್ಲವರು ಹಾವಿನ ವಿಷ ಇಳಿಸುತ್ತಾರೆ.

ವಾಸ್ತವ: ಇಲ್ಲಿ ಮೂಲದ ಚರ್ಚೆ ಸಾಲದು, ಪ್ರಾಣದ ಪ್ರಶ್ನೆಯಿದೆ. ಕೆರೆಯಂಗಳ, ಪೊದೆ ಬೆಳೆದ ಖಾಲಿ ಸೈಟುಗಳಿರುವ ನಮ್ಮ ಕಡೆ ಹಾವು ಅಪರೂಪವಲ್ಲ. ಕೇರೆ ಹಾವು ಕಚ್ಚಿದವರು ಯಾವ ಮಂತ್ರ ಹಾಕಿದರೂ, ಹಾಕದಿದ್ದರೂ ಬದುಕುತ್ತಾರೆ. ನಾಗರಹಾವು ಕೂಡ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಮಂತ್ರದ ಕೀರ್ತಿ ಬೆಳೆದದ್ದು ಹೀಗೆ ಬದುಕಿದವರಿಂದ. ಹಳಬರೆಲ್ಲ ಮಂತ್ರವನ್ನೇ ನಂಬಿ ಕೂತಿದ್ದರು ಎಂಬುದೂ ಸುಳ್ಳು. 14ನೇ ಶತಮಾನದಲ್ಲಿ ಮಂಗರಾಜ ಕನ್ನಡದಲ್ಲಿ ಬರೆದ ‘ಖಗೇಂದ್ರಮಣಿದರ್ಪಣ’ ಗರುಡನ ಹೆಸರು ಹೊತ್ತ ವಿಷವೈದ್ಯದ ಗ್ರಂಥ, ಅದರ ತುಂಬ ಔಷಧಗಳಿವೆ.

ಇವತ್ತಿನ ಔಷಧ ಪ್ರತಿವಿಷದ ಚುಚ್ಚುಮದ್ದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಅದೊಂದೇ. ಕಚ್ಚಿದ ಜಾಗವನ್ನು ಕೊಯ್ಯಬಾರದು, ಬಿಗಿದು ಕಟ್ಟಬಾರದು, ಕೈಕಾಲು ಅಲುಗಾಡಿಸದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪ್ರಕರಣವೆಂದು ಘೋಷಿಸಿದೆ. ಹಾವು, ಚೇಳು, ನಾಯಿ ಕಚ್ಚಿದವರನ್ನು ಚಿಕಿತ್ಸೆಗೆ ಹೋಗದಂತೆ ತಡೆದು ಮಂತ್ರ, ತಾಯತ ಕೊಡುವುದು ವಾಮಾಚಾರ ತಡೆಯುವ ರಾಜ್ಯದ 2017ರ ಕಾಯ್ದೆಯಡಿ ಅಪರಾಧ. ಆ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ.