ಪೋಲೆಂಡಿನ ಪಾನೀಯಗಳೂ ನಮ್ಮ ನಾಲಗೆಯೂ

ಮನೆಗೆ ಬಂದ ಅತಿಥಿಗೆ ಆಸನವನ್ನಿತ್ತು, ನೀರು ಕೊಟ್ಟು, ಕುಶಲವನ್ನು ವಿಚಾರಿಸುವುದು ಗೃಹಸ್ಥಧರ್ಮವೆಂದು ನಾವೆಲ್ಲರೂ ಬಲ್ಲೆವು. ಆದರೆ ಆ ಅತಿಥಿಯ ನಾಡಿನ ಮಾತೊಂದನ್ನು ನಮ್ಮ ಬಾಯಲ್ಲಿ ಕೆಡಿಸದೆ ನುಡಿಯುವುದೂ ಸತ್ಕಾರದ ಒಂದು ಭಾಗವೆಂಬುದು ನಮಗೆ ಈ ಅರುವತ್ತರ ವಯಸ್ಸಿನಲ್ಲಿ, ಅದೂ ಒಂದು ಲೋಟ ಮಜ್ಜಿಗೆಯ ದೆಸೆಯಿಂದ, ತಿಳಿದುಬಂದಿತು.

ನಮ್ಮ ತಂಗಿಯ ಮಗನು ಪೋಲೆಂಡ್ ದೇಶದ ವ್ರೋತ್ಸ್ವಾಫ್ ಎಂಬ ನಗರದಲ್ಲಿ ಉದ್ಯೋಗದಲ್ಲಿರುವನು. ಅಲ್ಲಿಯ ಕನ್ಯೆಯನ್ನೇ ವಿವಾಹವಾಗಿರುವನು. ಕಳೆದ ಶ್ರೀರಾಮನವಮಿಯಂದು ದಂಪತಿಗಳು ವಿಜಯನಗರದ ನಮ್ಮ ಮನೆಗೆ ಬಂದಿದ್ದರು. ನೀರುಮಜ್ಜಿಗೆಯನ್ನು ಕುಡಿದ ಸೊಸೆಯು ಸಂತೋಷಗೊಂಡು, ತಮ್ಮಲ್ಲಿಯೂ ಮಜ್ಜಿಗೆಯುಂಟೆಂದು ಹೇಳಿ, ಅದರ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟಳು. ನಾವು ಕನ್ನಡಕವನ್ನು ಸರಿಪಡಿಸಿಕೊಂಡು "ಮಸ್ಲಂಕ" ಎಂದು ಗಟ್ಟಿಯಾಗಿ ಓದಿದೆವು. ಅವಳು ಮೆಲ್ಲನೆ "ಮಶ್ಲಾಂಕಾ" ಎಂದಳು. ನಾವು ಪುನಃ "ಮಸ್ಲಾಂಕ" ಎಂದೆವು. ಅಡಿಗೆಯ ಮನೆಯಿಂದ ನಮ್ಮ ಮನೆಯವರು, "ಅವಳು ಹೇಳುತ್ತಿರುವುದು ಶಕಾರವಲ್ಲವೆ? ಮೂವತ್ತಾರು ವರ್ಷ ಮಕ್ಕಳಿಗೆ ಶ, ಷ, ಸ ತಿದ್ದಿದವರಿಗೆ ಅಷ್ಟೂ ಕೇಳಿಸದೆ?" ಎಂದುಬಿಟ್ಟರು.

ಕಿವಿಗಿಂತ ನಮ್ಮ ಕಣ್ಣಿನ ದೋಷವೇ ಇದರಲ್ಲಿ ಹೆಚ್ಚು. ಪೋಲಿಷರು ಬರೆಯುವುದು ರೋಮನ್ ಲಿಪಿಯನ್ನೇ. ಆದರೆ ಅಕ್ಷರಗಳಿಗೆ ಅವರು ಕೊಟ್ಟಿರುವ ಧ್ವನಿಗಳು ಬೇರೆ. 'ಎಸ್' ಅಕ್ಷರದ ನೆತ್ತಿಯ ಮೇಲೆ ಸಣ್ಣ ಗೀರೊಂದಿದ್ದರೆ ಅದು ನಮ್ಮ ತಾಲವ್ಯ ಶಕಾರಕ್ಕೆ ಸಮೀಪ. 'ಎಸ್' 'ಜೆಡ್' ಎರಡನ್ನೂ ಜೊತೆಯಲ್ಲಿ ಬರೆದರೆ ಮೂರ್ಧನ್ಯ ಷಕಾರಕ್ಕೆ ಸಮೀಪ. ಇಂಗ್ಲಿಷಿನಲ್ಲಿಲ್ಲದ ಈ ಭೇದವು ನಮ್ಮ ವರ್ಣಮಾಲೆಯಲ್ಲಿಯೂ ಇದೆ, ಅವರ ನಾಲಗೆಯಲ್ಲಿಯೂ ಇದೆ. ನಾವು ತಿಳಿಸಾರನ್ನು ಲೋಟದಲ್ಲಿ ಕುಡಿಯುವಂತೆ ಅವರು ಬೀಟ್‌ರೂಟಿನ ಕೆಂಪು ಸಾರನ್ನು ಬಟ್ಟಲಿನಲ್ಲಿ ಕುಡಿಯುವರು. ಅದರ ಹೆಸರು 'ಬಾರ್ಷ್ಚ್'. ಇಲ್ಲಿ ಷಕಾರವೇ ಬರತಕ್ಕದ್ದು.

ಚಹಕ್ಕೆ ಅವರು 'ಹೆರ್ಬಾತಾ' ಎನ್ನುವರು. ಲ್ಯಾಟಿನ್ನಿನಲ್ಲಿ ಚಹದ ಮೂಲಿಕೆಯೆಂಬ ಅರ್ಥವುಳ್ಳ ಮಾತಿನಿಂದ ಬಂದುದು. ತಕಾರವು ಇಲ್ಲಿ ಶುದ್ಧ ದಂತ್ಯ. ಇಂಗ್ಲಿಷ್ ಶಾಲೆಯ ಅಭ್ಯಾಸದಿಂದ 'ಟಾ' ಎನ್ನಬಾರದು. ಪದದ ಒತ್ತು ಸಾಮಾನ್ಯವಾಗಿ ಕಡೆಯಿಂದ ಎರಡನೆಯ ಅಕ್ಷರದ ಮೇಲೆ ಬೀಳುವುದರಿಂದ 'ಬಾ' ಎಂಬುದನ್ನು ಒತ್ತಿ ನುಡಿಯಬೇಕು. ಕಾಫಿಯು 'ಕಾವಾ'; 'ಡಬ್ಲ್ಯೂ' ಅಕ್ಷರಕ್ಕೆ ಅಲ್ಲಿ ವಕಾರದ ಉಚ್ಚಾರಣೆ.

ನೀರಿಗೆ ಅವರ ಮಾತು 'ವೋದಾ'. ಅದರ ಅಲ್ಪಾರ್ಥಕ ರೂಪದಿಂದಲೇ ಲೋಕವೆಲ್ಲ ವೋಡ್ಕಾ ಎನ್ನುವ ಮದ್ಯಕ್ಕೆ ಹೆಸರಾಯಿತು. ನಾವು ಅದನ್ನು ಕುಡಿದವರಲ್ಲ. ಹೆಸರನ್ನು ನುಡಿದ ಮಾತ್ರಕ್ಕೆ ಅಮಲೇರದಾದುದರಿಂದ ಹೇಳುತ್ತೇವೆ. ಪೋಲಿಷರ ಬಾಯಲ್ಲಿ ಅದು 'ವುತ್ಕಾ'. ಮೇಲೆ ಗೀರುಳ್ಳ 'ಓ' ಅವರಿಗೆ ಉಕಾರ. ಮುಂದಿನ ಕಕಾರದ ದೆಸೆಯಿಂದ ದಕಾರವು ತಕಾರವಾಗುವುದು. ತದ್ ಎಂಬುದಕ್ಕೆ ಕಾಲ ಸೇರಿ ತತ್ಕಾಲವಾಗುವುದಿಲ್ಲವೆ? ನಮ್ಮ ವೈಯಾಕರಣರು ಚರ್ತ್ವವೆಂದ ಕಾರ್ಯವೇ ಅಲ್ಲಿಯೂ ನಡೆದಿದೆ. ಜೇನಿಗೂ ಜೇನಿನಿಂದ ಮಾಡಿದ ಮದ್ಯಕ್ಕೂ ಇರುವ ಹೆಸರನ್ನು ಬರೆಯುವಾಗ ಕೊನೆಯಲ್ಲಿ ದಕಾರವಿದ್ದರೂ, ನುಡಿಯುವಾಗ 'ಮ್ಯುತ್' ಎಂದಾಗುವುದು. ಸುಹೃದ್ ಎಂಬುದು ಸುಹೃತ್ ಆದಂತೆ. ಅವರ ವೋದಾ ನಮ್ಮ ಉದಕಕ್ಕೂ, ಅವರ ಮ್ಯುತ್ ನಮ್ಮ ಮಧುವಿಗೂ ಬಂಧು. ಸಂಸ್ಕೃತವೂ ಪೋಲಿಷ್ ನುಡಿಯೂ ಒಂದೇ ಭಾಷಾಕುಲಕ್ಕೆ ಸೇರಿದವಾದುದರಿಂದ ಇದು ಆಕಸ್ಮಿಕವಲ್ಲ.

ಎಲ್ಲಿಯೋ ಇರುವ ಪೋಲೆಂಡಿನ ಗೊಡವೆ ನಮಗೇಕೆ ಎಂದು ಕೆಲವರು ಕೇಳಬಹುದು. ವಾರ್ಸಾದಲ್ಲಿ ಹುಟ್ಟಿದ ಮಾರಿಸ್ ಫ್ರಿಡ್‌ಮನ್ ಎಂಬ ಎಂಜಿನಿಯರರು 1930ರ ದಶಕದಲ್ಲಿ ಬೆಂಗಳೂರಿಗೆ ಬಂದು ಸರ್ಕಾರದ ವಿದ್ಯುತ್ ಕಾರ್ಖಾನೆಯಲ್ಲಿ ದುಡಿದರು. ಈಗ ನಮ್ಮ ಬಡಾವಣೆಗೆ ಸಮೀಪದ ಮೈಸೂರು ರಸ್ತೆಯಲ್ಲಿರುವ 'ಕವಿಕಾ' ಆ ಕಾರ್ಖಾನೆಯೇ. ಮಹಾಯುದ್ಧದಲ್ಲಿ ನೆಲೆಗೆಟ್ಟ ಸುಮಾರು 5000 ಮಂದಿ ಪೋಲಿಷರು 1943ರಿಂದ 1948ರವರೆಗೆ ಬೆಳಗಾವಿಯ ಆಚೆಯ ಕೊಲ್ಲಾಪುರದ ಬಳಿ, ವಳಿವಡೆಯಲ್ಲಿ, ಆಶ್ರಯ ಪಡೆದಿದ್ದರು. ಮನೆಯನ್ನು ಕಳೆದುಕೊಂಡವರಿಗೆ ತಮ್ಮ ಮಾತೊಂದು ಪರರ ಬಾಯಲ್ಲಿ ಸರಿಯಾಗಿ ಕೇಳಿಬಂದರೆ ಎಷ್ಟು ಸಮಾಧಾನವಾಗುತ್ತಿದ್ದಿರಬೇಕು!

ಆ ದಿನ ಪಾನಕವನ್ನು ಕೊಟ್ಟಾಗ ಸೊಸೆಯು ಅದನ್ನು "ಪನಾಕ" ಎಂದಳು. ಹ್ರಸ್ವದೀರ್ಘಗಳ ಭೇದವು ಅವರ ನುಡಿಯಲ್ಲಿಲ್ಲ. ಒತ್ತೂ ತನ್ನ ಅಭ್ಯಾಸದ ಸ್ಥಾನಕ್ಕೇ ಹೋಯಿತು. ತಿದ್ದಲು ಬಾಯಿ ತೆರೆದ ನಮಗೆ ಹಳೆಯ ಸಂಗತಿಯೊಂದು ನೆನಪಾಯಿತು. ಉಪಾಧ್ಯಾಯವೃತ್ತಿಯ ಆರಂಭದಲ್ಲಿ, 'ಶಂಕರ' ಎನ್ನಲಾರದೆ 'ಸಂಕರ' ಎಂದ ಹುಡುಗನೊಬ್ಬನನ್ನು ನಾವು ಬೆಂಚಿನ ಮೇಲೆ ನಿಲ್ಲಿಸಿ, ತರಗತಿಯೆಲ್ಲ ನಗುವಂತೆ ಹತ್ತು ಸಲ ಹೇಳಿಸಿದ್ದೆವು. ಅವನ ಮನೆಯಲ್ಲಿ ಆ ಶಕಾರವನ್ನು ನುಡಿದವರು ಯಾರೂ ಇರಲಿಲ್ಲ. ಆ ವರ್ಷವೆಲ್ಲ ಅವನು ಮತ್ತೆ ಗಟ್ಟಿಯಾಗಿ ಓದಲಿಲ್ಲ. ಅದನ್ನು ಶಿಸ್ತೆಂದೇ ನಾವು ತಿಳಿದಿದ್ದೆವು.

ಅದೇ ಶಕಾರದಲ್ಲಿ ನಾವು ಎಡವಿದಾಗ ಈ ಹುಡುಗಿಯು ನಗಲಿಲ್ಲ. ತುಟಿಗಳನ್ನು ತೋರಿಸುತ್ತ ಮೂರು ಸಲ ನಿಧಾನವಾಗಿ ಹೇಳಿದಳು. ನಾಲ್ಕನೆಯ ಸಲ ನಮಗೂ ಬಂದಿತು. ನಾವೂ ಪಾನಕವನ್ನು ಹಾಗೆಯೇ ಮೂರು ಸಲ ಹೇಳಿಕೊಟ್ಟೆವು. ಗೃಹಸ್ಥರೂ ಗೃಹಿಣಿಯರೂ ಪರನಾಡಿನ ಹೆಸರೊಂದು ಎದುರಾದಾಗ ಚೀಟಿಯನ್ನು ಬದಿಗಿಟ್ಟು, ಆ ನಾಡಿನವರ ಬಾಯಿಂದ ಮೊದಲು ಕೇಳಿರಿ. ತಪ್ಪಿದರೆ ನಾಚದೆ ಮತ್ತೆ ಕೇಳಿರಿ. ತಪ್ಪಿದವರನ್ನು ಕಂಡು ನಗಬೇಡಿರಿ. ಬರುವ ಶ್ರೀರಾಮನವಮಿಗೆ ಅವಳ ತಾಯಿತಂದೆಗಳೂ ಬರುವರಂತೆ. ನಾವು ದಿನವೂ ಮಜ್ಜಿಗೆ ಕುಡಿಯುವಾಗ ಆ ಹೆಸರನ್ನು ಒಮ್ಮೆ ಹೇಳಿಕೊಳ್ಳುತ್ತಿರುವೆವು. ಶಕಾರವು ಸರಿಯಾಗಿದೆಯೇ ಎಂದು ನೋಡಿಕೊಳ್ಳಲು ಅಡಿಗೆಯ ಮನೆಯಲ್ಲಿ ಪರೀಕ್ಷಕರಿರುವರು.