ಮಾತು ಬರೆದುಕೊಡದ ನಾಟಕ: ಮಸ್ಕತ್‌ನಲ್ಲಿ ನಮ್ಮ ಶುಕ್ರವಾರದ ಹವ್ಯಾಸ

ಒಮಾನಿನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಸೈಟಿನಲ್ಲಿ, ಅಂಗಡಿಯಲ್ಲಿ ದುಡಿಯುವ ಅನೇಕರಿಗೆ ಶುಕ್ರವಾರ ಒಂದೇ. ಬಟ್ಟೆ ಒಗೆಯುವುದು, ವಾರದ ಸಾಮಾನು ತರುವುದು, ಊರಿಗೆ ಫೋನ್ ಮಾಡುವುದು, ಉಳಿದ ಹೊತ್ತು ನಿದ್ದೆ. ಮಸ್ಕತ್‌ನ ರೂವಿ, ದಾರ್ಸೈತ್, ವಾದಿ ಕಬೀರ್ ಕಡೆ ಇರುವ ನಮ್ಮವರ ರಜಾದಿನ ಹೆಚ್ಚುಕಡಿಮೆ ಹೀಗೇ ಕಳೆಯುತ್ತದೆ. ಇದರ ನಡುವೆ ನಾವಿಬ್ಬರು ಗೆಳೆಯರು, ಒಬ್ಬ ಕುಂದಾಪುರದ ಕಡೆಯವ, ಇನ್ನೊಬ್ಬ ಹಾವೇರಿಯ ಕಡೆಯವ, ನಲವತ್ತು ದಾಟಿದ ಮೇಲೆ ಹೊಸ ಹವ್ಯಾಸವೊಂದನ್ನು ಹಿಡಿದಿದ್ದೇವೆ. ಅದರ ಹೆಸರು ‘ಇಂಪ್ರಾವ್’. ಅಂದರೆ ಮೊದಲೇ ಬರೆದ ಮಾತಿಲ್ಲದ, ಅಲ್ಲೇ ಹುಟ್ಟುವ ನಾಟಕ.

ಇಲ್ಲಿ ವೇಷವಿಲ್ಲ, ರಂಗಸಜ್ಜಿಕೆಯಿಲ್ಲ. ಒಂದು ಕೋಣೆ, ನಾಲ್ಕಾರು ಕುರ್ಚಿ ಸಾಕು. ನಮ್ಮ ತರಗತಿಯಲ್ಲಿ ಮಲಯಾಳಿಗಳಿದ್ದಾರೆ, ಫಿಲಿಪಿನೊಗಳಿದ್ದಾರೆ, ಲಾಹೋರಿನವರೊಬ್ಬರಿದ್ದಾರೆ. ಮಾತು ಇಂಗ್ಲಿಷ್ ಮತ್ತು ಹಿಂದಿಯ ಬೆರಕೆ. ಮೊದಲ ಪಾಠ ‘ಹೌದು, ಮತ್ತೆ’. ಜೊತೆಗಾರ ‘ದೋಣಿ ಮುಳುಗ್ತಾ ಇದೆ’ ಎಂದರೆ, ‘ದೋಣಿ ಎಲ್ಲಿದೆ?’ ಎಂದು ಕೇಳಬಾರದು. ‘ಹೌದು, ಮತ್ತೆ ಬಕೆಟ್ ದಡದಲ್ಲೇ ಬಿಟ್ಟು ಬಂದಿದ್ದೀವಿ’ ಎನ್ನಬೇಕು. ಕೊಟ್ಟಿದ್ದನ್ನು ತೆಗೆದುಕೊಂಡು ಇನ್ನೊಂದು ಸೇರಿಸುವುದು, ಇಷ್ಟೇ ನಿಯಮ.

ಇನ್ನೊಂದು ಆಟದಲ್ಲಿ ಅರ್ಥವಿಲ್ಲದ ಶಬ್ದಗಳಲ್ಲೇ ಮಾತಾಡಬೇಕು. ಎದುರಿನವರು ದನಿ, ಮುಖ, ಕೈ ನೋಡಿ ಉತ್ತರಿಸಬೇಕು. ತರಬೇತುದಾರರು ಒಮ್ಮೆ, ‘ಇಲ್ಲಿ ಯಾರಿಗೂ ತಿಳಿಯದ ನಿಮ್ಮ ಭಾಷೆಯಲ್ಲೇ ಆಡಿ’ ಎಂದರು. ನಮ್ಮ ಕುಂದಾಪುರದವ ಬಸ್ಸು ತಪ್ಪಿದ ಸಿಟ್ಟನ್ನು ಕುಂದಗನ್ನಡದಲ್ಲಿ ತೋಡಿಕೊಂಡ. ಇಡೀ ಕೋಣೆಗೆ ಅರ್ಥವಾಯಿತು. ಹಾವೇರಿಯವನಿಗೇ ಅರ್ಧ ತಿಳಿಯಲಿಲ್ಲ!

ವಲಸೆಗಾರರ ನಡುವೆ ಬೆಳೆದ ಆಟ

ಈ ಆಟಗಳ ಮೂಲ ತಿಳಿದಾಗ ನಮಗೆ ಹತ್ತಿರದ್ದೆನಿಸಿತು. ಇವುಗಳನ್ನು ರೂಪಿಸಿದವರಲ್ಲಿ ಮುಖ್ಯರು ಅಮೆರಿಕದ ಶಿಕಾಗೊದಲ್ಲಿ ಹುಟ್ಟಿದ ವಯೋಲಾ ಸ್ಪೋಲಿನ್ (1906–1994). ರಷ್ಯಾದಿಂದ ಹೋದ ಯಹೂದಿ ಕುಟುಂಬದವರು. 1930ರ ದಶಕದ ಕೊನೆಗೆ ಅಲ್ಲಿನ ಸರ್ಕಾರಿ ಮನರಂಜನಾ ಯೋಜನೆಯಲ್ಲಿ, ಬೇರೆ ಬೇರೆ ದೇಶಗಳಿಂದ ಬಂದು ನೆಲೆಸಿದವರ ಮಕ್ಕಳು, ದೊಡ್ಡವರೊಂದಿಗೆ ಅವರು ಕೆಲಸ ಮಾಡಿದರು. ಭಾಷೆ ಬೇರೆ, ಬಾಯಿಪಾಠದ ನಾಟಕ ಕಷ್ಟ. ಹಾಗಾಗಿ ಆಟದ ಮೂಲಕವೇ ನಟನೆ ಕಲಿಸಿದರು. ಅವರ ಪುಸ್ತಕ 1963ರಲ್ಲಿ ಬಂತು. ಅವರ ಮಗ ಪಾಲ್ ಸಿಲ್ಸ್ 1959ರಲ್ಲಿ ಶಿಕಾಗೊದ ಹೆಸರಾಂತ ‘ಸೆಕೆಂಡ್ ಸಿಟಿ’ ತಂಡ ಕಟ್ಟಿದವರಲ್ಲಿ ಒಬ್ಬರು. ಊರು ಬಿಟ್ಟು ಬಂದವರು ಒಬ್ಬರಿಗೊಬ್ಬರು ಮಾತಿಗೆ ಸಿಗಲು ನೆರವಾದ ಆಟ ಈಗ ಮಸ್ಕತ್‌ನಲ್ಲಿ ನಮಗೂ ಒದಗಿದೆ.

ಹಾಗೆಂದು ಇದು ಕನ್ನಡಿಗರಿಗೆ ತೀರಾ ಹೊಸದಲ್ಲ. ಕರಾವಳಿಯಲ್ಲಿ ಮಳೆಗಾಲದ ರಾತ್ರಿ ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಗೊತ್ತು. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿ ಕುಳಿತಲ್ಲೇ ಮಾತು ಕಟ್ಟುತ್ತಾನೆ. ಕಾಸರಗೋಡು ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಈ ಕಲೆಯಲ್ಲಿ ದೊಡ್ಡ ಹೆಸರು. ಅಲ್ಲಿ ಪ್ರಸಂಗ ಗೊತ್ತಿರುತ್ತದೆ, ವಾದ ಗೆಲ್ಲುವ ಹುರುಪು ಇರುತ್ತದೆ. ಇಂಪ್ರಾವ್‌ನಲ್ಲಿ ಕಥೆಯೂ ಗೊತ್ತಿಲ್ಲ, ಗೆಲ್ಲುವುದೂ ಇಲ್ಲ. ಆದರೆ ಎರಡಕ್ಕೂ ಬಂಡವಾಳ ಒಂದೇ: ಎದುರಿನವನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವುದು.

ಜೊತೆಗೊಬ್ಬ ಬೇಕು

ಇಂಥ ತರಗತಿಗೆ ಒಬ್ಬರೇ ಹೋಗುವುದು ಕಷ್ಟ. ನಾಚಿಕೆ ದೊಡ್ಡದು. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಮಧ್ಯಾಹ್ನ 12.30ರಿಂದ 3.30ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಆದರೂ ಸೈಟಿನಿಂದ ಬಂದವನಿಗೆ ವಾರದ ಕೊನೆಗೆ ಮೈ ಏಳುವುದಿಲ್ಲ. ಆಗ ಕೆಳಗೆ ನಿಂತು ಹಾರ್ನ್ ಹೊಡೆಯುವ ಗೆಳೆಯ ಬೇಕು. ಒಬ್ಬ ಸೋತಾಗ ಇನ್ನೊಬ್ಬ ಎಬ್ಬಿಸುತ್ತಾನೆ. ಇನ್ನೊಂದು ಲಾಭವೂ ಇದೆ. ಎಂಟು ವರ್ಷದ ಗೆಳೆತನದಲ್ಲಿ ನಮ್ಮ ಮಾತು ಸಂಬಳ, ವೀಸಾ, ಊರಿನ ಮನೆ ಕಟ್ಟುವ ಲೆಕ್ಕ ದಾಟಿರಲಿಲ್ಲ. ಈಗ ದಾಟುತ್ತದೆ.

ಊರಿನಲ್ಲಿರುವ ಮನೆಯವರಿಗೆ ಇದನ್ನು ಬರೆಯುವ ಕಾರಣ ಬೇರೆಯೇ ಇದೆ. ಇಲ್ಲಿ ರಾತ್ರಿ ಎಂಟೂವರೆ ಅಂದರೆ ಅಲ್ಲಿ ಹತ್ತು. ನಿದ್ದೆಗಣ್ಣಿನ ಆ ಫೋನಿನಲ್ಲಿ ನಡೆಯುವುದು ಬಾಯಿಪಾಠದ ನಾಟಕ. ‘ಊಟ ಆಯ್ತಾ?’ ‘ಆಯ್ತು.’ ‘ದುಡ್ಡು ಬಂತಾ?’ ‘ಬಂತು.’ ‘ಹುಷಾರು.’ ‘ಸರಿ, ಇಡ್ಲಾ?’ ವರ್ಷಗಟ್ಟಲೆ ಅದೇ ಸಾಲು. ಎರಡೂ ಕಡೆ ಕಷ್ಟ ಮುಚ್ಚಿಡುವುದು ಪ್ರೀತಿಯಿಂದಲೇ. ಆದರೆ ಆ ಸಾಲುಗಳ ನಡುವೆ ಮಕ್ಕಳು ದೊಡ್ಡವರಾಗಿಬಿಡುತ್ತಾರೆ.

ತರಗತಿಯ ಎರಡು ಆಟ ಫೋನಿನಲ್ಲೂ ನಡೆಯುತ್ತವೆ. ಒಂದು, ಎದುರಿನವರ ಕೊನೆಯ ಪದದಿಂದಲೇ ನಿಮ್ಮ ಮಾತು ಶುರು ಮಾಡುವುದು. ಮಗಳು ‘ಇವತ್ತು ಜೋರು ಮಳೆ’ ಎಂದರೆ ‘ಮಳೆ ಅಂಗಳಕ್ಕೆ ಮಾತ್ರ ಬಂತಾ, ಕೊಟ್ಟಿಗೆಗೂ ನುಗ್ಗಿತಾ?’ ಎನ್ನಿ. ಎರಡು, ಒಬ್ಬೊಬ್ಬರು ಒಂದೊಂದೇ ಪದ ಹೇಳಿ ಕಥೆ ಕಟ್ಟುವುದು. ಐದು ವರ್ಷದ ಮಗುವಿಗೂ, ಎಪ್ಪತ್ತರ ಅಮ್ಮನಿಗೂ ಬರುತ್ತದೆ.

ಸಂಬಳ ತಡವಾಗಿದ್ದರೆ, ಮೈಗೆ ಹುಷಾರಿಲ್ಲದಿದ್ದರೆ ಆಟ ಬಿಟ್ಟು ನೇರವಾಗಿಯೇ ಹೇಳಬೇಕು. ‘ಹೌದು’ ಎಂದರೆ ಕೇಳಿದ್ದಕ್ಕೆಲ್ಲ ಒಪ್ಪಿಗೆಯೂ ಅಲ್ಲ. ನೀನು ಹೇಳಿದ್ದು ನನಗೆ ಕೇಳಿಸಿತು ಎಂದಷ್ಟೇ ಅದರ ಅರ್ಥ. ಕಡಲಾಚೆ ದುಡಿಯುವವನಿಗೂ, ಮನೆಯಲ್ಲಿ ಕಾಯುವವರಿಗೂ ಬೇಕಿರುವುದು ಅದೇ.