ಮಗುವಿನ ರಕ್ತಪರೀಕ್ಷೆಗೆ ಎತ್ತರದ ಅಳತೆ ಏಕೆ ಬೇಕು?



ಹೋರಿಗರುವಿನ ಹೆಗಲಿಗೆ ದೊಡ್ಡೆತ್ತಿನ ನೊಗ ಹೂಡುವವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಮಗುವಿನ ರಕ್ತಪರೀಕ್ಷೆಯ ಚೀಟಿಯನ್ನು ದೊಡ್ಡವರ ಅಳತೆಯಿಂದ ಓದಿ, ಎಲ್ಲವೂ ಸರಿಯಾಗಿದೆ ಎಂದು ಸುಮ್ಮನಾಗುವುದುಂಟು. ಮೂತ್ರಪಿಂಡಗಳ ವಿಷಯದಲ್ಲಿ ಇದು ಅಪಾಯಕರ.

ಮೂತ್ರಪಿಂಡಗಳು ಹಗಲಿರುಳೂ ರಕ್ತವನ್ನು ಸೋಸಿ, ಕಶ್ಮಲವನ್ನು ಮೂತ್ರದೊಡನೆ ಹೊರಹಾಕುತ್ತವೆ. ಅವು ಎಷ್ಟು ಸೋಸುತ್ತಿವೆಯೆಂದು ಕಣ್ಣಿನಿಂದ ನೋಡಲಾಗದು. ಆದುದರಿಂದ ವೈದ್ಯರು ಕ್ರಿಯಾಟಿನಿನ್ ಎಂಬ ಕಶ್ಮಲವನ್ನು ರಕ್ತದಲ್ಲಿ ಅಳೆಯುತ್ತಾರೆ. ಇದು ಮಾಂಸಖಂಡಗಳಲ್ಲಿ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹುಟ್ಟುತ್ತದೆ. ತೊಟ್ಟಿಗೆ ಒಂದೇ ಸಮನೆ ನೀರು ಬೀಳುತ್ತಿರುವಾಗ ಹೊರಹೋಗುವ ದಾರಿ ಕಟ್ಟಿಕೊಂಡರೆ ಮಟ್ಟ ಏರುವುದಷ್ಟೆ? ಹಾಗೆಯೇ ಮೂತ್ರಪಿಂಡ ಸೋತರೆ ರಕ್ತದಲ್ಲಿ ಕ್ರಿಯಾಟಿನಿನ್ ಏರುತ್ತದೆ.

ಮಗುವಿನಲ್ಲಿ ಮಾಂಸಖಂಡ ಕಡಿಮೆ. ಆದುದರಿಂದ ಆರೋಗ್ಯವಂತ ಮಗುವಿನ ಕ್ರಿಯಾಟಿನಿನ್ ದೊಡ್ಡವರದಕ್ಕಿಂತ ಕಡಿಮೆಯೇ ಇರಬೇಕು. ಎಷ್ಟು ಕಡಿಮೆ? ಅದನ್ನು ಮಗುವಿನ ಎತ್ತರ ತಿಳಿಸುತ್ತದೆ. ಎತ್ತರವನ್ನು ಸೇರಿಸಿ ಲೆಕ್ಕ ಹಾಕುವ ಸೂತ್ರವೊಂದನ್ನು 1976ರಲ್ಲಿ ಅಮೆರಿಕದ ಜಾರ್ಜ್ ಶ್ವಾರ್ಟ್ಜ್ ಎಂಬ ವೈದ್ಯರೂ ಅವರ ಜೊತೆಗಾರರೂ ಪ್ರಕಟಿಸಿದರು. 2009ರಲ್ಲಿ ಅದು ಪರಿಷ್ಕೃತವಾಯಿತು. ಲೆಕ್ಕ ಸುಲಭ: ಸೆಂಟಿಮೀಟರಿನಲ್ಲಿ ಅಳೆದ ಎತ್ತರವನ್ನು 0.413ರಿಂದ ಗುಣಿಸಿ, ಚೀಟಿಯಲ್ಲಿರುವ ಕ್ರಿಯಾಟಿನಿನ್ ಅಂಕಿಯಿಂದ ಭಾಗಿಸಬೇಕು. ಆ ಅಂಕಿ ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿರಬೇಕು. ಬಂದ ಉತ್ತರವೇ ಮೂತ್ರಪಿಂಡಗಳು ನಿಮಿಷಕ್ಕೆ ಸೋಸುವ ಪ್ರಮಾಣದ ಅಂದಾಜು, ಮಿಲಿಲೀಟರಿನಲ್ಲಿ. ಹಿರಿಕಿರಿಯರನ್ನು ಹೋಲಿಸಲೆಂದು ಇದನ್ನು ದೊಡ್ಡವರ ಮೈಯಳತೆಗೆ ಹೊಂದಿಸಿರುತ್ತಾರೆ.

110 ಸೆಂಟಿಮೀಟರ್ ಎತ್ತರದ ಮಗುವನ್ನು ತೆಗೆದುಕೊಳ್ಳಿ. ಕ್ರಿಯಾಟಿನಿನ್ 0.5 ಇದ್ದರೆ ಉತ್ತರ ಸುಮಾರು 91. ಎರಡು ವರ್ಷ ದಾಟಿದ ಮಗುವಿಗೆ 90ಕ್ಕೆ ಮೇಲಿದ್ದರೆ ಒಳ್ಳೆಯದು. ಅದೇ ಮಗುವಿಗೆ 1.0 ಇದ್ದರೆ ಉತ್ತರ ಕೇವಲ 45. ತಂದೆಯ ಚೀಟಿಯಲ್ಲಿ 1.0 ಎಂಬುದು ಸಾಮಾನ್ಯ ಅಂಕಿ. ಮಗುವಿನ ಚೀಟಿಯಲ್ಲಿ ಅದು ಅರ್ಧ ಶಕ್ತಿ ಕುಂದಿರುವ ಸೂಚನೆ! 60ಕ್ಕಿಂತ ಕಡಿಮೆ ಅಂಕಿ 3 ತಿಂಗಳ ಮೇಲೂ ಉಳಿದರೆ ಅದು ದೀರ್ಘಕಾಲದ ಮೂತ್ರಪಿಂಡ ರೋಗವೆನಿಸುತ್ತದೆ.

ಈ ಲೆಕ್ಕಕ್ಕೂ ಮಿತಿಯುಂಟು. ತೀರ ಸೊರಗಿದ ಮಗುವಿನಲ್ಲಿ ಮಾಂಸಖಂಡವೇ ಕಡಿಮೆಯಾದುದರಿಂದ ಮೂತ್ರಪಿಂಡ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಅಂಥಲ್ಲಿ ಸಿಸ್ಟಾಟಿನ್ ಸಿ ಎಂಬ ಬೇರೆ ರಕ್ತಪರೀಕ್ಷೆ ನೆರವಾಗುತ್ತದೆ. ಹಠಾತ್ತಾಗಿ ಮೂತ್ರಪಿಂಡ ಕೆಟ್ಟರೆ ಕ್ರಿಯಾಟಿನಿನ್ ಏರಲು ಒಂದೆರಡು ದಿನ ಹಿಡಿಯಬಹುದು. ಮೊದಲ ದಿನದ ಅಂಕಿಯನ್ನೇ ನಂಬಿ ಕೂಡಬಾರದು. ಎರಡು ವರ್ಷದೊಳಗಿನ ಕೂಸುಗಳ ಅಂಕಿ ಸಹಜವಾಗಿಯೇ ಕಡಿಮೆ.

ಆದುದರಿಂದ ಈ ಕೆಳಗಿನವನ್ನು ನೆನಪಿನಲ್ಲಿಡಿ:

1. ಬೆಳಗ್ಗೆ ಮುಖ ಊದುವುದು, ಮೂತ್ರ ಕೆಂಪಾಗುವುದು ಅಥವಾ ಬಹಳ ನೊರೆಯಾಗುವುದು, ಬೆಳವಣಿಗೆ ಕುಂಠಿತವಾಗುವುದು ಕಂಡರೆ ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ.

2. ರಕ್ತ ಕೊಡುವ ದಿನವೇ ಮಗುವಿನ ಎತ್ತರವನ್ನು ಅಳೆಯಿಸಿ ಚೀಟಿಯ ಮೇಲೆ ಬರೆಯಿಸಿರಿ.

3. ಹಳೆಯ ಚೀಟಿಗಳನ್ನು ಎಸೆಯಬೇಡಿರಿ. ಅಂಕಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಅವುಗಳಿಂದಲೇ ತಿಳಿಯುವುದು.

4. ವಾಂತಿಭೇದಿಯಾದಾಗ ಓ.ಆರ್.ಎಸ್. ನೀರು ಕುಡಿಸಿರಿ. ವೈದ್ಯರನ್ನು ಕೇಳದೆ ನೋವಿನ ಮಾತ್ರೆ ಕೊಡಕೂಡದು. ಆರೆಂಟು ಗಂಟೆ ಮೂತ್ರವಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ.

ಲೆಕ್ಕವನ್ನು ನೀವೇ ಹಾಕಿ ಔಷಧ ತೀರ್ಮಾನಿಸಬೇಕಾಗಿಲ್ಲ. ಅದು ವೈದ್ಯರ ಕೆಲಸ. ಆದರೆ “ಇದು ಮಗುವಿನ ಎತ್ತರಕ್ಕೆ ಸರಿಯಾದ ಅಂಕಿಯೇ, ಸ್ವಾಮಿ?” ಎಂದು ಕೇಳುವುದು ನಿಮ್ಮ ಹಕ್ಕು. ಕೇಳಲು ಸಂಕೋಚಪಡಬೇಡಿರಿ.